ಆ ವಾರದ ನೆಗಡಿ

ನನ್ನನ್ನು ನಾಲ್ಕು ಜನ ಗುರುತಿಸುವಂತೆ ಮಾಡಿದ ಹಾಡಿನಲ್ಲಿ ನನ್ನ ದನಿ ಹೇಗಿತ್ತು ಎಂಬುದನ್ನು ನಾನು ಮೊದಲ ಸಲ ಕೇಳಿದ್ದು, ಆ ಹಾಡು ಬಂದು ಇಪ್ಪತ್ತೈದು ವರ್ಷಗಳಾದ ಮೇಲೆ, ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ. ಕೇಳಿದವಳೇ, "ಇದ್ಯಾವುದೇ ಈ ಕಪ್ಪೆ?" ಎಂದುಬಿಟ್ಟೆ.

ಮಿಕ್ಸಿಂಗ್ ಮೇಜಿನ ಮುಂದೆ ಕೂತಿದ್ದವಳು ನಗಲಿಲ್ಲ. ಅವಳು ನಮ್ಮ ಹಳೆಯ ರೆಕಾರ್ಡಿಸ್ಟರ ಸೊಸೆ. ಮಾವ ತೀರಿಕೊಂಡ ಮೇಲೆ ಸ್ಟುಡಿಯೋ ಅವಳ ಕೈಗೆ ಬಂದಿದೆ. ಮಾವನಿಗಿಂತ ಚುರುಕು, ಮಾತು ಮಾತ್ರ ಅಳೆದು ತೂಗಿದಷ್ಟು. ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡು, ನನ್ನ ಮುಖ ನೋಡದೆ, "ಅಕ್ಕಾ, ಅದು ನೀವೇ" ಎಂದಳು.

"ನಾನಾ? ಮೂಗಿಗೆ ಹತ್ತಿ ತುರುಕ್ಕೊಂಡು ಹಾಡ್ದಂಗಿದೆ!"

"ನಿಮಗೆ ಆ ವಾರ ನೆಗಡಿ ಆಗಿತ್ತಲ್ಲ. ನೀವೇ ಎಲ್ಲಾ ಕಡೆ ಹೇಳ್ತೀರಿ."

ಹೌದು, ಹೇಳುತ್ತೇನೆ. ಮೈಕ್ ಕೊಟ್ಟಲ್ಲೆಲ್ಲ ಹೇಳಿದ್ದೇನೆ. 'ಬಡಿಯದೆ ನಿಂತಿದ್ದೇನೆ' ಎಂಬ ಆ ಹಾಡಿನಲ್ಲಿ ನನ್ನ ದನಿ ಸ್ವಲ್ಪ ಭಾರವಾಗಿ, ಬೆಚ್ಚಗೆ, ಕಿವಿಯ ಹತ್ತಿರ ಬಂದು ಮಾತಾಡಿದ ಹಾಗೆ ಇದೆ. ಅದರ ಹಿಂದಿನ ಹಾಡುಗಳಲ್ಲಿ ಹಾಗಿಲ್ಲ, ಮುಂದಿನವುಗಳಲ್ಲೂ ಇಲ್ಲ. ಯಾಕೆಂದು ಕೇಳಿದವರಿಗೆಲ್ಲ ನಾನು ಕೊಟ್ಟ ಉತ್ತರ ಒಂದೇ: ಆ ವಾರ ನೆಗಡಿ, ದೇವರು ನೆಗಡಿಯನ್ನೂ ಉಪಯೋಗಿಸಿಕೊಂಡ. ಜನ ನಗುತ್ತಿದ್ದರು, ಆಮೇಲೆ ಕಣ್ಣೊರೆಸಿಕೊಳ್ಳುತ್ತಿದ್ದರು. ಆದರೆ ಆ ದನಿಯನ್ನು ಮತ್ತೆ ಹಿಡಿಯಲು ನಾನು ಪಟ್ಟ ಪಾಡು ಯಾರಿಗೂ ಹೇಳಿಲ್ಲ. ಹನ್ನೊಂದು ಆಲ್ಬಮ್ ಮಾಡಿದೆ. ಒಂದೊಂದು ರೆಕಾರ್ಡಿಂಗಿಗೂ ಮುಂಚಿನ ದಿನ ಐಸ್ ನೀರು ಕುಡಿದು, ಒದ್ದೆ ತಲೆಯಲ್ಲಿ ಫ್ಯಾನಿನ ಕೆಳಗೆ ಕೂತು, ಬೇಕೆಂದೇ ನೆಗಡಿ ತರಿಸಿಕೊಂಡಿದ್ದೇನೆ. ನೆಗಡಿ ಬಂತು, ಕೆಮ್ಮೂ ಬಂತು, ಒಮ್ಮೆ ನ್ಯುಮೋನಿಯಾನೂ ಬಂತು. ಆ ದನಿ ಬರಲಿಲ್ಲ.

ಈಗ ಬಂದಿದ್ದು ಆ ಹಾಡಿನ ಬೆಳ್ಳಿಹಬ್ಬದ ಕೆಲಸಕ್ಕೆ. ಹಳೆಯ ರೆಕಾರ್ಡನ್ನು ತೊಳೆದು ತೇಯ್ದು ಹೊಸದಾಗಿ ಬಿಡುಗಡೆ ಮಾಡಬೇಕು, ಭಾನುವಾರ ನಮ್ಮ ಚರ್ಚಿನಲ್ಲಿ ನನಗೆ ಸನ್ಮಾನ. ಸೊಸೆ ಅಟ್ಟದಿಂದ ಹಳೆಯ ಟೇಪನ್ನು ಇಳಿಸಿ, ಹಳೆಯ ಲೇಪ ಕಿತ್ತುಬರದಿರಲೆಂದು ಎಂಟು ಗಂಟೆ ಹದವಾದ ಶಾಖದಲ್ಲಿಟ್ಟು, ಡ್ರಮ್ಮು, ಬೇಸು, ಗಿಟಾರು, ದನಿ ಎಲ್ಲವನ್ನೂ ಬೇರೆಬೇರೆಯಾಗಿ ಕಂಪ್ಯೂಟರಿಗೆ ಇಳಿಸಿದ್ದಳು. ಹಾಗೆ ಬಿಡಿಸಿದಾಗ ಅವಳಿಗೆ ಒಂದರ ಬದಲು ಎರಡು ದನಿಗಳು ಸಿಕ್ಕಿದ್ದವು.

"ಒಂದು ಗೈಡ್ ಇರ್ಬೇಕು" ಎಂದೆ. ವಾದ್ಯದವರಿಗೆ ದಾರಿ ತೋರಿಸಲು ಯಾರೋ ಒಬ್ಬರು ಸುಮ್ಮನೆ ಹಾಡಿಟ್ಟಿರುವ ದನಿಗೆ ಗೈಡ್ ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ಅದನ್ನು ಅಳಿಸುತ್ತಾರೆ, ಇಲ್ಲವೇ ಮುಚ್ಚಿಡುತ್ತಾರೆ. "ಈ ಕಪ್ಪೇನೇ ಗೈಡು. ಇನ್ನೊಂದನ್ನ ಹಾಕು, ಅದು ನಾನು."

ಅವಳು ಟೇಪಿನ ಡಬ್ಬಿಯ ಮುಚ್ಚಳ ತೆಗೆದು ಒಳಭಾಗವನ್ನು ನನ್ನ ಕಡೆ ತಿರುಗಿಸಿದಳು. ಅಲ್ಲಿ ಬಿಳಿಯ ಅಂಟುಪಟ್ಟಿಯೊಂದು ಹಳದಿಯಾಗಿ ಕೂತಿತ್ತು. ಅವಳ ಮಾವನ ಪದ್ಧತಿ ಅದು. ಮೇಜಿನ ಗುಂಡಿಗಳ ಕೆಳಗೆ ಉದ್ದಕ್ಕೆ ಪಟ್ಟಿ ಅಂಟಿಸಿ, ಯಾವ ಗುಂಡಿ ಯಾವುದರದ್ದು ಎಂದು ಪೆನ್ನಿನಲ್ಲಿ ಬರೆಯುವುದು. ಹಾಡು ಮುಗಿದರೆ ಪಟ್ಟಿ ಕಿತ್ತು ಡಬ್ಬಿಗೆ ಅಂಟಿಸುವುದು. ಮಿಕ್ಸಿಂಗ್ ದಿನ ಮತ್ತೆ ತಂದು ಮೇಜಿಗೆ ಅಂಟಿಸುವುದು. ಈ ಪಟ್ಟಿ ಕೊನೆಯಲ್ಲಿ ಹರಿದಿತ್ತು. 'ಗೈಡ್' ಎಂಬ ತುಂಡೂ 'ಮುಖ್ಯ ದನಿ' ಎಂಬ ತುಂಡೂ ಬೇರೆಯಾಗಿ, ಯಾರೋ ಅವನ್ನು ಮತ್ತೆ ಜೋಡಿಸಿದ್ದರು. ಜೋಡಿಸುವಾಗ ಹಿಂದುಮುಂದಾಗಿತ್ತು. ಹರಿದ ಅಂಚುಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಅದಲುಬದಲು ಮಾಡಿ ನೋಡಿದರೆ ಸರಿಯಾಗಿ ಕೂಡುತ್ತಿದ್ದವು. ಸೊಸೆ ಉಗುರಿನಿಂದ ತೋರಿಸಿದಳು, ನಾನೂ ಕನ್ನಡಕ ಏರಿಸಿ ನೋಡಿದೆ.

"ಹಾಕು" ಎಂದೆ.

ಎರಡನೆಯ ದನಿ ಹಾಡು ಶುರುವಾಗುವುದಕ್ಕಿಂತ ತುಸು ಮೊದಲಿನಿಂದ ಟೇಪಿನಲ್ಲಿತ್ತು. ಮೊದಲು ಕುರ್ಚಿ ಎಳೆದ ಸದ್ದು. ಆಮೇಲೆ ತೀರಿಹೋದ ರೆಕಾರ್ಡಿಸ್ಟರ ದನಿ: "ಕೇಳಿಸ್ತಿದೆಯಾ ಅಮ್ಮಾ?" ಅದಕ್ಕೊಂದು ಉತ್ತರ: "ಕೇಳಿಸ್ತಿದೆ. ಆದ್ರೆ ಮೊದಲನೇ ಏಟು ಎಲ್ಲಪ್ಪಾ? ಕಳ್ಳರು ಹೊತ್ಕೊಂಡು ಹೋದ್ರಾ?" ಅವರ ನಗು. ಒಂದು ನಿಟ್ಟುಸಿರು. ಆಮೇಲೆ ಹಾಡು. ಇಪ್ಪತ್ತೈದು ವರ್ಷದಿಂದ ಬಸ್ಸುಗಳಲ್ಲಿ, ಆಸ್ಪತ್ರೆಗಳಲ್ಲಿ, ಸಾವಿನ ಮನೆಗಳಲ್ಲಿ, ಮದುವೆ ಮಂಟಪಗಳಲ್ಲಿ ಕೇಳಿಸಿದ ಆ ಬೆಚ್ಚಗಿನ ದನಿ, 'ಬಾಗಿಲಲ್ಲೇ ಇದ್ದೇನೆ ಕರ್ತನೇ, ಬಡಿಯದೆ ನಿಂತಿದ್ದೇನೆ' ಎಂದು ಅರ್ಧ ಏಟು ತಡವಾಗಿ ಎತ್ತಿಕೊಂಡಿತು.

ಅದು ನನ್ನ ಅಮ್ಮ.

ನಾನು ಕೂತಲ್ಲೇ ಇದ್ದೆ. ಸದ್ದು ಹೀರಲೆಂದು ಗೋಡೆಗೆ ಬಡಿದ ಸ್ಪಂಜು, ಅದರ ಮೇಲಿನ ಧೂಳು, ಸೊಸೆಯ ಅರ್ಧ ಕುಡಿದ ಲೋಟ, ಎಲ್ಲಾ ಹಾಗೇ ಇದ್ದವು; ನಾನೊಬ್ಬಳು ಮಾತ್ರ ಕೋಣೆಯಲ್ಲಿ ಇಲ್ಲ ಅನ್ನಿಸಿತು. "ಇನ್ನೊಂದ್ಸಲ" ಎಂದೆ. ಅವಳು ಹಾಕಿದಳು. "ಇನ್ನೊಂದ್ಸಲ." ಏಳು ಸಲ ಕೇಳಿದ್ದೇನೆಂದು ಆಮೇಲೆ ಅವಳು ಹೇಳಿದಳು. ಏಳೂ ಸಲ ಅದು ಅಮ್ಮನೇ.

ಈಗ ನೀವು ಕೇಳಬಹುದು, ಹೆತ್ತ ತಾಯಿಯ ದನಿ ಗುರುತು ಸಿಗಲಿಲ್ಲವೇನೇ ನಿನಗೆ ಎಂದು. ಸಿಗಲಿಲ್ಲ. ಅಮ್ಮ ನಮ್ಮ ಚರ್ಚಿನ ಗಾಯನ ತಂಡವನ್ನು ಮೂವತ್ತನಾಲ್ಕು ವರ್ಷ ನಡೆಸಿದವಳು. ಆರ್ಗನ್ನಿನ ಪಕ್ಕ ಬೆನ್ನು ನೆಟ್ಟಗೆ ನಿಂತು, ಹಿಂದಿನ ಬಾಗಿಲವರೆಗೂ ಮುಟ್ಟುವಂತೆ ಹಾಡುತ್ತಿದ್ದಳು. ಮನೆಯಲ್ಲೂ ಅದೇ ದನಿ. ಅನ್ನಕ್ಕೆ ಕರೆದರೆ ಪಕ್ಕದ ಮನೆಯವರು ಕೈ ತೊಳೆದುಕೊಳ್ಳುತ್ತಿದ್ದರು. ಅಮ್ಮ ಮೆಲ್ಲಗೆ ಹಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮೆಲ್ಲಗೆ ಹಾಡಿದರೆ ಅಮ್ಮ ಹೀಗಿರುತ್ತಾಳೆ ಎಂದು ಯಾರಿಗೆ ಗೊತ್ತಿತ್ತು? ಅಲ್ಲದೆ, ಮನುಷ್ಯ ತನಗೆ ಬೇಕಾದ್ದನ್ನೇ ಕೇಳಿಸಿಕೊಳ್ಳುತ್ತಾನೆ. ನನಗೆ ಆಗ ಇಪ್ಪತ್ನಾಲ್ಕು ವರ್ಷ. ಕ್ಯಾಸೆಟ್ಟಿನ ಮೇಲೆ ನನ್ನ ಫೋಟೋ ಇತ್ತು.

ಅಮ್ಮನಿಗೂ ನನಗೂ ಇದ್ದ ಜಗಳ ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. ನನಗೆ ಹದಿನಾರಾದಾಗ ಅಮ್ಮ ತಂಡದಲ್ಲಿ ಎಲ್ಲರ ಜಾಗ ಗೊತ್ತುಮಾಡಿದಳು. ನನ್ನ ಹತ್ತಿರ ಬಂದು, "ನೀನು ಎರಡನೇ ದನಿ" ಎಂದಳು. ಎರಡನೇ ದನಿ ಎಂದರೆ ಮುಖ್ಯ ರಾಗದ ಕೆಳಗೆ ನಿಂತು ಅದನ್ನು ಎತ್ತಿಹಿಡಿಯುವುದು. ಜನಕ್ಕೆ ಅದು ಕೇಳಿಸುವುದೇ ಇಲ್ಲ. ನಾನು ಅತ್ತೆ. "ಒಳ್ಳೇ ಎರಡನೇ ದನಿ ಕಣೇ, ಎಲ್ರಿಗೂ ಇರಲ್ಲ" ಎಂದಳು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ಊರೆಲ್ಲ ಹೇಳುತ್ತಿದ್ದಾಗ ನನ್ನ ತಾಯಿ ನನ್ನನ್ನು ಅಸ್ತರಿಗೆ ಹಾಕಿದಳು. ಆ ಉರಿ ನನಗೆ ಇಳಿಯಲೇ ಇಲ್ಲ.

ಉರಿಗೆ ಗಾಳಿ ಹಾಕಿದವನು ನನ್ನ ಸೋದರಮಾವ. ಅಮ್ಮನ ತಮ್ಮ, ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ಬಂದವನು, ನಮಗೆಲ್ಲ ಹಡಗುಮಾವ. ಅವನು ದೂರದ ದ್ವೀಪಗಳಿಂದ ಪೆಟ್ಟಿಗೆ ತುಂಬ ರೆಗೇ ಕ್ಯಾಸೆಟ್ಟು ತಂದ, ಜೊತೆಗೆ ಒಂದು ಬೇಸ್ ಗಿಟಾರು. ಗೊತ್ತಿಲ್ಲದವರು ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ ನೋಡಿ. ನಾವು ಚರ್ಚಿನಲ್ಲಿ ಹಾಡುತ್ತಿದ್ದ ಹಾಡುಗಳೆಲ್ಲ 'ಒಂದು' ಎಂಬಲ್ಲಿ ಧಡ್ ಎಂದು ಕಾಲೂರುತ್ತವೆ. ರೆಗೇಯಲ್ಲಿ 'ಒಂದು' ಎಂಬಲ್ಲಿ ಡ್ರಮ್ಮಿನವನು ತೆಪ್ಪಗಿರುತ್ತಾನೆ. ಏಟು ಬೀಳುವುದು ಮೂರಕ್ಕೆ. ಗಿಟಾರು ಏಟುಗಳ ನಡುವಿನ ಸಂದಿಯಲ್ಲಿ ಚಕ್ ಚಕ್ ಎಂದು ಕತ್ತರಿ ಆಡಿಸುತ್ತದೆ. ಬೇಸು ಮನೆಯ ಹಿರಿಯನ ಹಾಗೆ ಕೆಳಗಡೆ ಏನೋ ಗೊಣಗುತ್ತಲೇ ಇರುತ್ತದೆ. ಆ ಖಾಲಿ ಬಿಟ್ಟ ಮೊದಲ ಏಟಿನಲ್ಲಿ ನನಗೆ ದೇವರು ಕೂರಲು ಜಾಗ ಕಂಡಿತು. ಅಮ್ಮನಿಗೆ ಕಂಡಿದ್ದು ತಳವಿಲ್ಲದ ಪಾತ್ರೆ.

ಅಮ್ಮ ಮೂವತ್ತು ವರ್ಷ ಕಲಿಸಿದ ನಿಧಾನದ ಕೀರ್ತನೆ 'ಬಡಿಯದೆ ನಿಂತಿದ್ದೇನೆ'. ನಾನೂ ಹಡಗುಮಾವನೂ ಅದಕ್ಕೆ ರೆಗೇ ತಾಳ ಹಾಕಿ ಒಂದು ಭಾನುವಾರ ಆರಾಧನೆಯಲ್ಲಿ ಹಾಡಿಬಿಟ್ಟೆವು. ಚಪ್ಪಾಳೆ ತಟ್ಟಿದವರ ಕೈಗಳು ಎತ್ತು ಏರಿಗೆ ಕೋಣ ನೀರಿಗೆ ಎಂಬಂತೆ ಎತ್ತೆತ್ತಲೋ ಹೋದವು. ಮುಂದಿನ ವಾರ ಸದಸ್ಯರ ಸಭೆ ಕರೆದರು. ಈ ಸೊಂಟದ ಹಾಡು ಈ ಕಟ್ಟಡದಲ್ಲಿ ಬೇಡ, ಹಾಡಿದವರು ತಂಡದಲ್ಲಿ ಬೇಡ ಎಂಬುವವರು ಕೈ ಎತ್ತಿ ಎಂದಾಗ ಮೊದಲು ಎದ್ದ ಕೈ ನನ್ನ ಅಮ್ಮನದು. ನಾನು ಆ ಕೈಯನ್ನು ನೋಡಿದೆ. ಎರಡು ತಿಂಗಳಲ್ಲಿ ಹಟಕ್ಕೆ ಬಿದ್ದು ಕ್ಯಾಸೆಟ್ಟು ಮಾಡಿಸಿದೆ. ಅದೇ ಕ್ಯಾಸೆಟ್ಟು ನನ್ನನ್ನು ಆಟದ ಮೈದಾನಗಳ ವೇದಿಕೆಗೆ ಏರಿಸಿತು. ಈಗ ಅದೇ ಚರ್ಚಿನಲ್ಲಿ ಆರ್ಗನ್ನಿನ ಪಕ್ಕ ಡ್ರಮ್ ಸೆಟ್ಟು ಕೂತಿದೆ, ಭಾನುವಾರ ಅದೇ ಜನ ನನಗೆ ಫಲಕ ಕೊಡುತ್ತಾರೆ. ನಾನು ಗೆದ್ದೆ ಎಂದುಕೊಂಡಿದ್ದೆ.

"ಅಕ್ಕಾ" ಎಂದಳು ಸೊಸೆ. "ಶುಕ್ರವಾರದ ಹೊತ್ತಿಗೆ ಕವರ್ ಪ್ರಿಂಟಿಗೆ ಹೋಗ್ಬೇಕು. ಹೆಸರು ಏನಂತ ಹಾಕ್ಲಿ? ನೀವು ಹೇಳಿದ್ರೆ ಆ ಮಾತಿನ ಭಾಗ ಅಳಿಸಿಬಿಡ್ತೀನಿ. ಒಂದು ಗುಂಡಿ ಅಷ್ಟೇ. ಯಾರಿಗೂ ಗೊತ್ತಾಗಲ್ಲ."

ಬೇಡ ಎಂದು ನಾನು ಹೇಳಲಿಲ್ಲ. ಸುಳ್ಳು ಯಾಕೆ ಹೇಳಲಿ, ಅಳಿಸು ಎಂಬ ಮಾತು ತುದಿನಾಲಿಗೆಯವರೆಗೂ ಬಂದಿತ್ತು. ಆಗ ನನಗೆ ನೆನಪಾದದ್ದು ಒಬ್ಬ ಲಾರಿ ಡ್ರೈವರ್. ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ಹಾರಲು ಹೊರಟವನು, ರೇಡಿಯೋದಲ್ಲಿ ಈ ಹಾಡು ಬಂತೆಂದು, ಮುಗಿಯಲಿ ಆಮೇಲೆ ಹಾರೋಣ ಎಂದು ಕೂತು, ಹಾರದೆ ಮನೆಗೆ ಹೋದವನು. ನನ್ನನ್ನು ಹುಡುಕಿಕೊಂಡು ಬಂದು ಎರಡೂ ಕೈ ಹಿಡಿದು ನಿಂತಿದ್ದ. ಆ ಕೃತಜ್ಞತೆಯನ್ನು ನಾನು ಇಸಿದುಕೊಂಡಿದ್ದೆ. "ಸೋಮವಾರ ಹೇಳ್ತೀನಿ, ಅಲ್ಲೀವರೆಗೂ ಪ್ರಿಂಟಿಗೆ ಕಳಿಸ್ಬೇಡ" ಎಂದು ಆ ತುಣುಕನ್ನು ಫೋನಿಗೆ ಹಾಕಿಸಿಕೊಂಡು ಎದ್ದೆ.

ಅಮ್ಮ ನನ್ನ ಜೊತೆಯಲ್ಲೇ ಇದ್ದಾಳೆ. ಎಪ್ಪತ್ತಾರು ವರ್ಷ, ಉಬ್ಬಸ, ಕೋಪ ಮಾತ್ರ ಇನ್ನೂ ಮೂಗಿನ ತುದಿಯಲ್ಲೇ. ನಾನು ಮನೆಗೆ ಬಂದಾಗ ಅಡುಗೆಮನೆಯ ಮೇಜಿನಲ್ಲಿ ಬಟಾಣಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ರೇಡಿಯೋ. ಆ ರೇಡಿಯೋದಲ್ಲಿ ನನ್ನ ಹಾಡು ಬಂದಾಗಲೆಲ್ಲ ಅಮ್ಮ ಎದ್ದು ಬಂದು ಪಟಕ್ಕನೆ ಆರಿಸುತ್ತಾಳೆ. ಇಪ್ಪತ್ತೈದು ವರ್ಷದಿಂದ ಆರಿಸುತ್ತಲೇ ಇದ್ದಾಳೆ. ಅದನ್ನು ನಾನು ಒಂದೊಂದಾಗಿ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೇನೆ.

ಫೋನನ್ನು ಬಟಾಣಿ ತಟ್ಟೆಯ ಪಕ್ಕ ಇಟ್ಟು ಒತ್ತಿದೆ. ಕುರ್ಚಿಯ ಸದ್ದು. ಕೇಳಿಸ್ತಿದೆಯಾ ಅಮ್ಮಾ. ಮೊದಲನೇ ಏಟು ಎಲ್ಲಪ್ಪಾ. ಅಮ್ಮನ ಬೆರಳುಗಳು ನಿಂತವು. ಬೆಚ್ಚಿಬೀಳುತ್ತಾಳೆ, ಇದ್ಯಾರು ಎನ್ನುತ್ತಾಳೆ ಎಂದು ನಾನು ಕಾದೆ. ಅವಳು ಹಾಡಿನ ಎರಡು ಸಾಲು ಕೇಳಿ, ಒಂದು ಸಿಪ್ಪೆಯನ್ನು ಪಕ್ಕಕ್ಕೆ ಎಸೆದು, "ಆ ಮನುಷ್ಯ ಇದನ್ನ ಅಳಿಸ್ಲಿಲ್ವಾ?" ಎಂದಳು.

ಸ್ಟುಡಿಯೋದಲ್ಲಿ ಆದದ್ದು ಇದರ ಮುಂದೆ ಏನೂ ಅಲ್ಲ.

"ನಿಂಗೆ ಗೊತ್ತಿತ್ತಾ?"

"ನನ್ನ ದನಿ ನಂಗೆ ಗೊತ್ತಾಗಲ್ವೇನೇ? ನಾನೇನು ನೀನಾ?"

"ಯಾವಾಗಿಂದ?"

"ರೇಡಿಯೋದಲ್ಲಿ ಮೊದಲ್ನೇ ಸಲ ಬಂತಲ್ಲ, ಆವತ್ತಿಂದ. ಆಮೇಲೆ ಆ ರೆಕಾರ್ಡಿಸ್ಟೂ ಬಂದಿದ್ದ, ಬೆವರು ಒರೆಸ್ಕೊಂಡು. ಮಿಕ್ಸ್ ಮಾಡಿದೋನು ಬೇರೆಯವನಂತೆ, ನಮ್ಮಿಬ್ರನ್ನೂ ನೋಡ್ದೇ ಇರೋನು. ತಪ್ಪಾಯ್ತು ಅಂದ. ಅಷ್ಟೊತ್ತಿಗೆ ಕ್ಯಾಸೆಟ್ಟೆಲ್ಲ ಅಂಗಡಿಗೆ ಹೋಗಿತ್ತು. ಬಾಯಿಗೆ ಬೀಗ ಹಾಕ್ಕೋ ಅಂದೆ. ನಿನ್ನ ಮಾವನಿಗೂ ಆಣೆ ಹಾಕ್ಸಿದೀನಿ."

"ಹಡಗುಮಾವನಿಗೂ ಗೊತ್ತಾ?" ನಾನು ಕುರ್ಚಿ ಎಳೆದು ಕೂತೆ. "ನೀನು ಅಲ್ಲಿಗೆ ಯಾಕೆ ಹೋಗಿದ್ದೆ? ಕೈ ಎತ್ತಿದೋಳು ನೀನು!"

ಅಮ್ಮ ಮತ್ತೆ ಸುಲಿಯತೊಡಗಿದಳು. "ನಿಂಗೆ ಜ್ವರ ಅಂತ ಗೊತ್ತಾಯ್ತು. ಹಟ ಸಾಕು, ಮನೆಗೆ ಕರ್ಕೊಂಡು ಬರೋಣ ಅಂತ ಹೋದೆ. ನೀನು ಡಾಕ್ಟ್ರ ಹತ್ರ ಹೋಗಿದ್ದೆ. ಗಿಟಾರಿನೋನಿಗೆ ದಾರಿ ತೋರ್ಸೋಕೆ ಅಂತ ಆ ರೆಕಾರ್ಡಿಸ್ಟೇ ಹಾಡ್ತಿದ್ದ. ಎರಡ್ನೇ ಸಾಲಲ್ಲಿ ಸ್ವರ ಜಾರಿಸ್ತಿದ್ದ ಕಣೇ! ಮೂವತ್ತು ವರ್ಷ ಕಲಿಸಿದ ಹಾಡು. ಕೂತ್ಕೊಂಡು ಹ್ಯಾಗೆ ಕೇಳ್ಲಿ? ಕೊಡಪ್ಪಾ ಇಲ್ಲಿ ಅಂತ ಆ ಕಿವಿಗೆ ಹಾಕೋದನ್ನ ಕಿತ್ಕೊಂಡೆ. ಮೈಕು ಬಾಯಿ ಹತ್ರಾನೇ ಇದೆ, ಮೆಲ್ಲಗೆ ಹಾಡಿ ಅಂದ."

"ಅಷ್ಟೇನಾ?"

"ಅಷ್ಟೇ. ಹಾಡ್ದೆ, ನಿನ್ನ ಮಾತ್ರೆ ಅಲ್ಲಿಟ್ಟೆ, ಬಂದೆ."

"ಮತ್ತೆ ರೇಡಿಯೋದಲ್ಲಿ ಬಂದಾಗ್ಲೆಲ್ಲ ಆರಿಸ್ತೀಯಲ್ಲ. ನನ್ನ ಹಾಡಂದ್ರೆ ಅಷ್ಟು ಅಸಹ್ಯ ಅಂತ ನಾನು..."

ಅಮ್ಮ ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. "ಪ್ರತಿ ಚರಣಾನೂ ತಡವಾಗಿ ಎತ್ಕೊಂಡಿದೀನಲ್ಲೇ! ಮೊದಲ್ನೇ ಏಟು ಬರುತ್ತೆ ಬರುತ್ತೆ ಅಂತ ಕಾಯ್ತೀನಿ, ಬರಲ್ಲ, ಆಮೇಲೆ ಗಡಬಡಿಸಿ ಎತ್ಕೋತೀನಿ. ಮೂರನೇ ಚರಣದಲ್ಲಿ ಉಬ್ಬಸ ಬೇರೆ. ತಂಡದ ಮಕ್ಕಳು ಹಾಗೆ ಹಾಡಿದ್ರೆ ಹೊರಗೆ ನಿಲ್ಲಿಸ್ತಿದ್ದೆ. ಅದನ್ನ ಊರೆಲ್ಲ ಕೇಳ್ತಿರೋವಾಗ ನಾನು ಸಹಿಸ್ಕೊಂಡು ಕೂರ್ಬೇಕಾ?"

ನಾನು ನಕ್ಕೆನೋ ಅತ್ತೆನೋ ನನಗೇ ತಿಳಿಯಲಿಲ್ಲ. ಆ ತಡ! ಆ ಅರ್ಧ ಏಟಿನ ತಡವನ್ನು ಸಂಗೀತ ಬರೆಯುವವರು ಹೊಗಳಿ ಹೊಗಳಿ ಸುಸ್ತಾಗಿದ್ದಾರೆ. ತಾಳವನ್ನು ಕಾಯಿಸುವ ಗತ್ತು ಎಂದಿದ್ದಾರೆ. ಮೂರನೇ ಚರಣದ ಆ ಉಸಿರನ್ನು ನನ್ನ ಶಿಷ್ಯೆಯರು ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡುತ್ತಾರೆ. ನಾನೇ ಎರಡು ಸಾವಿರ ವೇದಿಕೆಗಳಲ್ಲಿ ಉಬ್ಬಸವಿಲ್ಲದೆ ಉಬ್ಬಸ ಬಂದವಳ ಹಾಗೆ ಉಸಿರೆಳೆದಿದ್ದೇನೆ.

"ಯಾಕಮ್ಮಾ ಹೇಳ್ಲಿಲ್ಲ?"

ಅಮ್ಮ ಸಿಪ್ಪೆಗಳನ್ನು ಒಂದು ಕಡೆ ಒಟ್ಟುಮಾಡಿದಳು. "ಕ್ಯಾಸೆಟ್ ಹಿಡ್ಕೊಂಡು ಈ ಬಾಗಿಲಿಂದ ಕುಣೀತಾ ಬಂದೆ ನೀನು. ಮಾತು ಬಿಟ್ಟಿದ್ದೋಳು ಅಮ್ಮಾ ಅಂದೆ. ಹ್ಯಾಗೆ ಹೇಳ್ಲಿ?" ಆಮೇಲೆ ದನಿ ಗಡುಸಾಯಿತು. "ಈಗ್ಲೂ ಹೇಳ್ಬೇಡ. ಈ ಹಾಡು ಬೇಡ ಅಂತ ಎಲ್ರಿಗಿಂತ ಮೊದ್ಲು ಕೈ ಎತ್ತಿದೋಳು ನಾನು. ಅದನ್ನೇ ಕದ್ದು ಹೋಗಿ ಹಾಡಿ ಬಂದ್ಲು ಅಂದ್ರೆ ಆ ಜನರ ಮುಂದೆ ನನ್ನ ಮುಖ ಎಲ್ಲಿಡ್ಲಿ? ನಾನು ಸತ್ತ ಮೇಲೆ ಏನಾದ್ರೂ ಮಾಡ್ಕೋ."

ಅಲ್ಲಿಂದ ಭಾನುವಾರದವರೆಗೆ ನಾನು ಮನುಷ್ಯಳಾಗಿರಲಿಲ್ಲ. ಹೇಳಿದರೆ ಅಮ್ಮನ ಮಾನ ಹೋಗುತ್ತದೆ, ನನ್ನ ಹೆಸರೂ ಹೋಗುತ್ತದೆ. ಹೇಳದಿದ್ದರೆ ಫಲಕ ತೆಗೆದುಕೊಳ್ಳಬೇಕು, ಅಮ್ಮನ ಕಣ್ಣೆದುರಿಗೇ. ಚರ್ಚುಗಳಲ್ಲಿ ನಿಂತು ದೇವರ ಕೃಪೆಗೆ ಸಾಕ್ಷಿ ಹೇಳುವಾಗಲೆಲ್ಲ, 'ಹಾಡಿದ್ದು ನಾನಲ್ಲ, ಕರ್ತನು ನನ್ನೊಳಗೆ ಹಾಡಿದ' ಎಂದು ಕೈ ಮೇಲೆತ್ತುತ್ತಿದ್ದ ನನ್ನ ನಾಟಕ ನೆನಪಾಗಿ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ. ಆ ಇನ್ನೊಂದು ದನಿಯೂ ಬಿಡಲಿಲ್ಲ, ನನ್ನದು, ನೆಗಡಿಯದು. ಪಟ್ಟಿ ಸರಿಯಾಗಿ ಅಂಟಿದ್ದರೆ ಜನ ಕೇಳುತ್ತಿದ್ದುದು ಅದನ್ನು. ಕೇಳಿ ಮರೆಯುತ್ತಿದ್ದರು. ನಾನು ಯಾವುದೋ ಶಾಲೆಯಲ್ಲಿ ಹಾಡು ಹೇಳಿಕೊಡುತ್ತಾ ಇರುತ್ತಿದ್ದೆ.

ಭಾನುವಾರ ಚರ್ಚು ತುಂಬಿತ್ತು, ಗೋಡೆಯುದ್ದಕ್ಕೂ ಜನ ನಿಂತಿದ್ದರು. ಮುಂದಿನ ಸಾಲಿನ ಮೊದಲ ಕುರ್ಚಿಯಲ್ಲಿ ಅಮ್ಮ, ಬಿಳಿ ಸೀರೆ, ಕೈಯಲ್ಲಿ ಉಬ್ಬಸದ ಪಂಪು. ಕೊನೆಯ ಸಾಲಿನಲ್ಲಿ ಸ್ಟುಡಿಯೋದ ಸೊಸೆ. ಪಾಸ್ಟರು ನನ್ನನ್ನು ಹತ್ತು ನಿಮಿಷ ಹೊಗಳಿದರು. ಫಲಕ ಮೇಜಿನ ಮೇಲೆ ರೇಷ್ಮೆ ಬಟ್ಟೆಯ ಕೆಳಗಿತ್ತು. ಮೊದಲು ಹಾಡು, ಆಮೇಲೆ ಫಲಕ.

ನಾನು ಮೈಕಿನ ಮುಂದೆ ನಿಂತು, "ಹಾಡೋಕ್ಕಿಂತ ಮುಂಚೆ ಒಂದು ಮಾತು. ಈ ಹಾಡು..." ಎಂದೆ. ಅಮ್ಮ ತಲೆಯೆತ್ತಿದಳು. ಅವಳ ಕಣ್ಣು ನನ್ನನ್ನು ಹದಿನಾರರ ಹುಡುಗಿಯ ಹಾಗೆ ಕಟ್ಟಿಹಾಕಿತು. ಮಾತು ಮುಂದೆ ಹೋಗಲಿಲ್ಲ. ಪಾಸ್ಟರು ಭಾವುಕಳಾದೆನೆಂದು ತಿಳಿದು ಚಪ್ಪಾಳೆ ಶುರುಮಾಡಿದರು. ನಾನು ಹಿಂತಿರುಗಿ ಹಡಗುಮಾವನಿಗೆ ತಲೆಯಾಡಿಸಿದೆ.

ಎಪ್ಪತ್ತು ದಾಟಿದರೂ ಅವನ ಬೆರಳು ಗಟ್ಟಿ. ಬೇಸು ಗೊಣಗಿತು, ಗಿಟಾರು ಚಕ್ ಎಂದಿತು, ಡ್ರಮ್ಮು ಮೂರಕ್ಕೆ ಬಿತ್ತು. ನಾಲ್ಕು ಸುತ್ತು ಆದ ಮೇಲೆ ನಾನು ಎತ್ತಿಕೊಳ್ಳಬೇಕು. ಬಾಯಿ ತೆರೆದೆ. ಅರ್ಧ ಏಟು ತಡಮಾಡಲು ಕಾದೆ, ಎರಡು ಸಾವಿರ ಸಲ ಕಾದ ಹಾಗೆ. ಕಾಯುತ್ತಿರುವಾಗ, ಇದು ನನ್ನ ತಡವಲ್ಲ ಎಂದು ಗೊತ್ತಾಗಿ ಉಸಿರು ಅಲ್ಲೇ ನಿಂತಿತು. ದನಿ ಹೊರಡಲಿಲ್ಲ. ಜಾಗ ದಾಟಿಹೋಯಿತು.

ರೆಗೇಯಲ್ಲಿ ಇದೊಂದು ಅನುಕೂಲ, ಸುತ್ತು ಹೊಡೆಯುತ್ತಲೇ ಇರಬಹುದು. ವಾದ್ಯದವರು ಮತ್ತೆ ನಾಲ್ಕು ಸುತ್ತು ಬಂದರು. ನಾನು ಮತ್ತೆ ಬಾಯಿ ತೆರೆದೆ, ಮತ್ತೆ ಇಲ್ಲ. ಜನ ಮುಖಮುಖ ನೋಡಿಕೊಂಡರು. ಗಿಟಾರಿನವನು ನಿಲ್ಲಿಸಲೇ ಎಂಬಂತೆ ಹಡಗುಮಾವನ ಕಡೆ ನೋಡಿದ. ಅವನು ನಿಲ್ಲಿಸಲಿಲ್ಲ. ಅವನು ನನ್ನನ್ನು ನೋಡುತ್ತಲೂ ಇರಲಿಲ್ಲ. ಬೇಸಿನ ಮೇಲೆ ಬಗ್ಗಿ, ಮುಂದಿನ ಸಾಲಿನಲ್ಲಿ ಕೂತ ತನ್ನ ಅಕ್ಕನನ್ನೇ ನೋಡುತ್ತ ಮೂರನೇ ಬಾರಿ ಸುತ್ತು ಹಾಕಿದ.

ಅಮ್ಮ ಚಡಪಡಿಸತೊಡಗಿದ್ದಳು. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಹಾಡು ಎತ್ತಿಕೊಟ್ಟವಳು. ಒಬ್ಬಳು ಜಾಗ ತಪ್ಪಿದರೆ ತಾನು ಸಾಲು ಕೊಟ್ಟು ದಾರಿಗೆ ತರುವುದು ಅವಳಿಗೆ ಕೆಮ್ಮಿನಷ್ಟೇ ಸಹಜ. ಎರಡು ಸಲ ತಪ್ಪಿದ್ದನ್ನು ಹಲ್ಲು ಕಚ್ಚಿ ಸಹಿಸಿದ್ದಳು. ಮೂರನೆಯ ಸಲ ನನ್ನ ಬಾಯಿ ತೆರೆದದ್ದು ತೆರೆದೇ ಇದ್ದಾಗ, ಅಮ್ಮ ಕುರ್ಚಿಯ ಕೈ ಹಿಡಿದು ಎದ್ದು ನಿಂತಳು. ಮೊದಲ ಏಟಿಗೆ ಕಾದಳು. ಅದು ಬರಲಿಲ್ಲ. ಅರ್ಧ ಏಟು ತಡವಾಗಿ, ಮೈಕಿಲ್ಲದೆ, ಉಬ್ಬಸದಿಂದ ದನಿ ಏರಿಸಲಾಗದೆ ಮೆಲ್ಲಗೆ, ಎತ್ತಿಕೊಂಡಳು: 'ಬಾಗಿಲಲ್ಲೇ ಇದ್ದೇನೆ ಕರ್ತನೇ...'

ತಾಳ ತಟ್ಟುತ್ತಿದ್ದ ಪಾಸ್ಟರ ಕೈ ನಡುವೆ ನಿಂತುಹೋಯಿತು. ದನಿ ಒಡೆದಿತ್ತು, ಮುದಿಯಾಗಿತ್ತು, ಆದರೆ ಅದನ್ನು ಗುರುತಿಸಲು ಯಾರಿಗೂ ಎರಡನೆಯ ಸಾಲು ಬೇಕಾಗಲಿಲ್ಲ. ಇಪ್ಪತ್ತೈದು ವರ್ಷ ಅವರ ಅಡುಗೆಮನೆಗಳಲ್ಲಿ ಇದ್ದ ದನಿ ಅದು. ಯಾರೋ "ಅಯ್ಯೋ ದೇವರೇ" ಎಂದರು. ನನ್ನ ಶಿಷ್ಯೆಯೊಬ್ಬಳು ನನ್ನ ಮುಖವನ್ನೂ ಅಮ್ಮನ ಬೆನ್ನನ್ನೂ ಬದಲಿಸಿ ಬದಲಿಸಿ ನೋಡಿದಳು. ಹಿಂದಿನ ಸಾಲಿನಲ್ಲಿ ಸೊಸೆ ಬಾಯಿಯ ಮೇಲೆ ಕೈಯಿಟ್ಟು ಎದ್ದು ನಿಂತಿದ್ದಳು.

ತಾನು ಏನು ಮಾಡಿದೆ ಎಂದು ಅಮ್ಮನಿಗೆ ಅರ್ಥವಾದದ್ದು ಎರಡನೆಯ ಸಾಲಿನ ನಡುವೆ. ದನಿ ಒಮ್ಮೆ ನಡುಗಿತು. ನಿಲ್ಲಿಸುತ್ತಾಳೆ ಎಂದುಕೊಂಡೆ. ಆದರೆ ಎತ್ತಿಕೊಂಡ ಹಾಡನ್ನು ನಡುವೆ ಬಿಡುವುದು ಅವಳು ಯಾರಿಗೂ ಕ್ಷಮಿಸದ ತಪ್ಪು. ಬೆನ್ನು ನೆಟ್ಟಗೆ ಮಾಡಿಕೊಂಡು, ಕಿವಿಯವರೆಗೂ ಕೆಂಪಾಗಿ, ಹಾಡುತ್ತಲೇ ಹೋದಳು.

ನನಗೆ ಅಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ಮೈಕನ್ನು ಸ್ಟ್ಯಾಂಡಿನಿಂದ ತೆಗೆದು, ಮೆಟ್ಟಿಲಿಳಿದು, ಅಮ್ಮನ ಬಾಯಿಯ ಹತ್ತಿರ ಹಿಡಿದು ಪಕ್ಕದಲ್ಲಿ ನಿಂತೆ. ಮೂರನೆಯ ಚರಣಕ್ಕೆ ಆ ಉಸಿರು ಬಂತು, ನಿಜವಾದದ್ದು, ಒಳಗೆ ಶಿಳ್ಳೆ ಹೊಡೆಯುವಂಥದ್ದು. ಅವಳಿಗೆ ಸಾಲು ಮುಗಿಸಲಾಗುವುದಿಲ್ಲ ಎಂದು ಗಾಬರಿಯಾಗಿ ನಾನು ಅವಳ ರಾಗದ ಕೆಳಗೆ ಎರಡನೇ ದನಿಯನ್ನು ಹಿಡಿದೆ. ಹದಿನಾರರಲ್ಲಿ ಹಿಡಿದು ತಂಡದ ಜೊತೆಗೇ ಬಿಟ್ಟದ್ದು, ಗಂಟಲು ಮರೆತಿರಲಿಲ್ಲ. ಅಮ್ಮನ ದನಿ ಅದರ ಮೇಲೆ ಕೂತಿತು, ಕೂತು ನೆಟ್ಟಗಾಯಿತು. ನನ್ನ ಹನ್ನೊಂದು ಆಲ್ಬಮ್ಮುಗಳಲ್ಲಿ ಒಂದು ಕಡೆಯೂ ನನ್ನ ದನಿ ಇಷ್ಟು ಸರಿಯಾದ ಜಾಗದಲ್ಲಿ ಇರಲಿಲ್ಲ. ಅದು ಗೊತ್ತಾದಾಗ ಆದ ನೋವನ್ನು ಏನೆಂದು ಹೇಳಲಿ. 'ಒಳ್ಳೇ ಎರಡನೇ ದನಿ' ಎಂದು ಅವಳು ಆವತ್ತು ಹೇಳಿದ್ದು ನಿಜವಾಗಿತ್ತು.

ಹಾಡುತ್ತಾ ಹಾಡುತ್ತಾ ಕಣ್ಣೀರಿನಲ್ಲಿ ನನ್ನ ದನಿ ಏರಿತ್ತು ಅಂತ ಕಾಣುತ್ತದೆ. ಅಮ್ಮ ನನ್ನ ಕಡೆ ತಿರುಗಲಿಲ್ಲ. ಬಲಗೈಯನ್ನು ಸೊಂಟದ ಹತ್ತಿರ ತಂದು, ಅಂಗೈ ಕೆಳಗೆ ಮಾಡಿ, ತಂಡದ ಮಕ್ಕಳಿಗೆ ತೋರಿಸುತ್ತಿದ್ದ ಹಾಗೆ ಎರಡು ಸಲ ಒತ್ತಿದಳು: ಕಡಿಮೆ ಮಾಡು.

ನಾನು ಕಡಿಮೆ ಮಾಡಿದೆ.